3,995 ಮಿಲಿಮೀಟರಿನ ವ್ರತ

ನೆಕ್ಸಾನ್, ಬ್ರೆಝಾ, ವೆನ್ಯೂ, ಸೋನೆಟ್. ಹೆಸರು ನಾಲ್ಕು, ಮುಖ ನಾಲ್ಕು, ಉದ್ದ ಮಾತ್ರ ಒಂದೇ: 3,995 ಮಿಲಿಮೀಟರ್. 2006ರ ಕೇಂದ್ರ ಬಜೆಟ್ ನಾಲ್ಕು ಮೀಟರ್ ಮೀರದ ಸಣ್ಣ ಕಾರುಗಳಿಗೆ ಸುಂಕ ಇಳಿಸಿದ ಮೇಲೆ, ಡಿಕ್ಕಿಯನ್ನು ಮೊಟಕು ಮಾಡಿಯಾದರೂ ಆ ಗೆರೆಯೊಳಗೆ ನಿಲ್ಲುವುದನ್ನು ಕಂಪನಿಗಳು ಕಲಿತವು. 2025ರ ಸೆಪ್ಟೆಂಬರ್ 22ರಿಂದ ಗೆರೆಯೊಳಗಿನ ಗಾಡಿಗೆ ಜಿಎಸ್‌ಟಿ ಶೇ 18, ದಾಟಿದ್ದಕ್ಕೆ ಶೇ 40. ಎಂಜಿನ್ನಿಗೂ ಮಿತಿಯುಂಟು: ಪೆಟ್ರೋಲಾದರೆ 1,200 ಸಿ.ಸಿ., ಡೀಸೆಲಾದರೆ 1,500. ಹಾಗಾಗಿ 1,462 ಸಿ.ಸಿ. ಪೆಟ್ರೋಲ್ ಎಂಜಿನ್ನಿನ ಬ್ರೆಝಾ ಉದ್ದದಲ್ಲಿ ಪಾಸು, ಎಂಜಿನ್ನಿನಲ್ಲಿ ಫೇಲು.

ಕಾನೂನು ಉದ್ದಕ್ಕೆ ಗೆರೆ ಎಳೆಯಿತು; ಆಸೆ ಎತ್ತರಕ್ಕೆ ಬೆಳೆಯಿತು.

ಎಷ್ಟಿದ್ದರೆ ಸಾಕು ಎಂಬ ಪ್ರಶ್ನೆಗೆ ಮಂಡ್ಯದ ನೆಲದಲ್ಲಿ ಇನ್ನೂ ಹಳೆಯದೊಂದು ಉತ್ತರವಿದೆ. ಮದ್ದೂರು ತಾಲ್ಲೂಕಿನ ಅರೆತಿಪ್ಪೂರಿನ ಬೆಟ್ಟದ ಮೇಲೆ ಬಾಹುಬಲಿ ನಿಂತಿದ್ದಾನೆ, ಎಲ್ಲವನ್ನೂ ಬಿಟ್ಟವನಾಗಿ. ಅಷ್ಟೊಂದನ್ನು ಸಂಸಾರಸ್ಥರಿಂದ ಜೈನಧರ್ಮ ಕೇಳುವುದಿಲ್ಲ. ತನಗೆಷ್ಟು ಬೇಕೆಂದು ಮೊದಲೇ ನಿಶ್ಚಯಿಸಿಕೊಂಡು ಅದನ್ನು ದಾಟದಿರು ಎನ್ನುತ್ತದೆ. ಇದೇ ಪರಿಗ್ರಹ ಪರಿಮಾಣ ವ್ರತ. ಸಮಂತಭದ್ರಾಚಾರ್ಯರ ‘ರತ್ನಕರಂಡ ಶ್ರಾವಕಾಚಾರ’ ಈ ವ್ರತಕ್ಕೆ ತಗಲುವ ಐದು ಲೋಪಗಳನ್ನು ಎಣಿಸುತ್ತದೆ. ಮೊದಲನೆಯದೇ ಅತಿವಾಹನ. ಅಗತ್ಯಕ್ಕಿಂತ ಹೆಚ್ಚು ವಾಹನ ಇಟ್ಟುಕೊಳ್ಳುವುದೆಂದು ಕೆಲವರು, ಎತ್ತು ಕುದುರೆಗಳನ್ನು ತ್ರಾಣ ಮೀರಿ ಓಡಿಸುವುದೆಂದು ಕೆಲವರು ಅರ್ಥ ಹೇಳುತ್ತಾರೆ. ಆಮೇಲೆ ಅತಿಸಂಗ್ರಹ, ಪರರ ಸಿರಿ ಕಂಡು ಬೆರಗಾಗುವುದು, ಲೋಭ, ಮಿತಿಮೀರಿ ಹೊರೆ ಹೇರುವುದು.

ಮಿತಿಯನ್ನು ತಾನೇ ಹಾಕಿಕೊಳ್ಳುವುದಾದರೆ ಹತ್ತು ಕಾರಿಗೆ ಹಾಕಿಕೊಂಡರಾಯಿತಲ್ಲ ಎಂದು ಕೇಳಬಹುದು. ನ್ಯಾಯವಾದ ಆಕ್ಷೇಪವೇ. ಲೆಕ್ಕ ಪಾಲಿಸುತ್ತಲೇ ವ್ರತವನ್ನು ಊನ ಮಾಡಬಹುದೆಂಬುದು ಆ ಆಚಾರ್ಯರಿಗೂ ಗೊತ್ತಿತ್ತು. ಬೆರಗು, ಲೋಭಗಳಂಥ ಮನಸ್ಸಿನ ಚಾಳಿಗಳು ಪಟ್ಟಿಯಲ್ಲಿರುವುದು ಅದಕ್ಕೇ. ಇವತ್ತು ಶೋರೂಂ ನಡೆಯುವುದು ಮೂರನೆಯ ಲೋಪದ ಮೇಲೆ. ‘ಅವ್ನೇ ಸನ್‌ರೂಫ್ ಇರೋದ್ ತಗಂಡವ್ನೆ, ನಾವ್ಯಾಕ್ ತಗಳಬಾರ್ದು?’

ಮಂಡ್ಯಕ್ಕೂ ಶ್ರೀರಂಗಪಟ್ಟಣಕ್ಕೂ ನಡುವಿನ ಯಲಿಯೂರಿನಲ್ಲಿ ಅಗತ್ಯ ಮತ್ತು ಆಸೆ ಬಿಡಿಸಲಾಗದಂತೆ ಹೆಣೆದುಕೊಂಡಿವೆ. 118 ಕಿಲೋಮೀಟರಿನ ಬೆಂಗಳೂರು–ಮೈಸೂರು ದಶಪಥ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಅದರ ಮುಖ್ಯ ಪಥ ಮುಚ್ಚಿತು. ಬೈಕಿನಲ್ಲೇ ಬದುಕು ಸಾಗಿಸುತ್ತಿದ್ದ ಮನೆಗೆ ಕಾರು ಬೇಕೆನಿಸಿದರೆ ಅದನ್ನು ಶೋಕಿ ಎಂದು ಜರೆಯುವಂತಿಲ್ಲ.

ಆದರೆ ಎಂಥ ಕಾರು? ‘ಸಾಹಸಿಗಳಿಗಾಗಿ’ ಎಂದು ಜಾಹೀರಾತು ಕೂಗುತ್ತದೆ. ಈ ಕಡೆಯವರ ಸಾಹಸವೆಂದರೆ ಪಾಂಡವಪುರದ ಕುಂತಿಬೆಟ್ಟ, ಮೇಲುಕೋಟೆ, ಮಳವಳ್ಳಿ ಕಡೆಯ ಗಗನಚುಕ್ಕಿ, ಮುತ್ತತ್ತಿ. ಬೆಟ್ಟ ಹತ್ತುವುದು ಕಾಲು; ಬುಡದವರೆಗೆ ಹೋಗಲು ಯಾವ ಕಾರಾದರೂ ಆದೀತು. ಮೇಲಾಗಿ ಈ ಗಾತ್ರದ ಬಹುಪಾಲು ಎಸ್‌ಯುವಿಗಳಲ್ಲಿ ಎಂಜಿನ್ನಿನ ಬಲ ಮುಂದಿನ ಎರಡು ಚಕ್ರಕ್ಕೆ ಮಾತ್ರ ಹೋಗುತ್ತದೆ. ನೆಲದಿಂದ ಎತ್ತರವಿರುವುದು ಕಬ್ಬಿನ ಗದ್ದೆಯ ದಾರಿಗೆ ನಿಜಕ್ಕೂ ಉಪಯೋಗ. ಆದರೆ ಐದು ಜನ, ಎರಡು ಮೂಟೆ ಸೇರಿದ ಮೇಲೆ ಎಷ್ಟು ಉಳಿಯುತ್ತದೆಂದು ನೋಡಬೇಕು, ಖಾಲಿ ಗಾಡಿಯ ಅಳತೆಯನ್ನಲ್ಲ.

ಮೇಲುಕೋಟೆಯ ಚೆಲುವನಾರಾಯಣನಿಗೂ ವಾಹನಗಳುಂಟು. ಒಂದೊಂದು ಉತ್ಸವಕ್ಕೆ ಒಂದೊಂದು. ವೈರಮುಡಿಯ ರಾತ್ರಿ ಗರುಡ. ಆ ರಾತ್ರಿ ದೇವರು ಧರಿಸುವ ವೈರಮುಡಿ ಕಿರೀಟವೂ ಉಳಿದ ದಿನ ಮಂಡ್ಯದ ಜಿಲ್ಲಾ ಖಜಾನೆಯಲ್ಲಿರುತ್ತದೆ. ವರ್ಷಕ್ಕೊಮ್ಮೆಯ ಕೊಡಗಿನ ಪ್ರವಾಸಕ್ಕೆಂದು ದೊಡ್ಡ ಗಾಡಿ ಕೊಂಡವರಿಗೆ ಅಂಥ ಖಜಾನೆಯಿಲ್ಲ, ತಿಂಗಳ ಕಂತು ಇದೆ.

ಮಿತಿಯ ಆ ಜೈನ ವ್ರತದ, ಅಂದರೆ ಅಪರಿಗ್ರಹದ, ಹಿಂದೆ ನಿಂತಿರುವುದು ಅಹಿಂಸೆ. ಕಾರು ಕೊಳ್ಳುವವರು ಅತಿ ಕಡಿಮೆ ಯೋಚಿಸುವುದೂ ಅದನ್ನೇ. 2018ರ ಡಿಸೆಂಬರಿನಲ್ಲಿ ನೆಕ್ಸಾನ್ ಗ್ಲೋಬಲ್ ಎನ್‌ಕ್ಯಾಪ್ ಅಪಘಾತ ಸುರಕ್ಷಾ ಪರೀಕ್ಷೆಯಲ್ಲಿ ಐದು ನಕ್ಷತ್ರ ಪಡೆದ ಮೊದಲ ಭಾರತೀಯ ಕಾರಾಯಿತು. 2023ರ ಅಕ್ಟೋಬರ್ 1ರಿಂದ ಭಾರತ್ ಎನ್‌ಕ್ಯಾಪ್ ಬಂತು. ಒಳ್ಳೆಯ ಬದಲಾವಣೆ, ಗ್ರಾಹಕರು ಕೇಳಲೇಬೇಕಾದ ಅಂಕ. ಆದರೆ ಆ ನಕ್ಷತ್ರಗಳ ಭರವಸೆ ಹೆಚ್ಚಾಗಿ ಕಾರಿನ ಒಳಗಿರುವವರಿಗೆ. ಹೊರಗಿನವರ ಗತಿ? ಬಾನೆಟ್ 40 ಇಂಚು ಮೀರಿದ ವಾಹನ ಡಿಕ್ಕಿ ಹೊಡೆದರೆ, ತಗ್ಗಿ ಇಳಿಜಾರಾದ ಬಾನೆಟ್ಟಿನ ಕಾರಿಗಿಂತ ಪಾದಚಾರಿ ಸಾಯುವ ಸಂಭವ ಶೇ 45ರಷ್ಟು ಹೆಚ್ಚು ಎಂದು ಅಮೆರಿಕದ ಹೆದ್ದಾರಿ ಸುರಕ್ಷಾ ವಿಮಾ ಸಂಸ್ಥೆ 2023ರಲ್ಲಿ ಹೇಳಿತು. ನಮ್ಮ ಸಣ್ಣ ಎಸ್‌ಯುವಿಗಳೆಲ್ಲ ಅಷ್ಟು ಎತ್ತರವಲ್ಲ, ನಿಜ. ಆದರೆ ಊರೊಳಗಿನ ರಸ್ತೆಯಲ್ಲಿ ಎದುರಾಗುವುದು ಶಾಲೆಯ ಮಕ್ಕಳು, ಹುಲ್ಲು ಹೊತ್ತ ಹೆಂಗಸರು, ಹಸು. ಡ್ರೈವರ್ ಸೀಟಿನಲ್ಲಿ ಕೂತು, ಬಾನೆಟ್ಟಿನ ಮುಂದೆ ನಿಂತ ಮಗು ಕಾಣುತ್ತದೆಯೇ ಎಂದು ಟೆಸ್ಟ್ ಡ್ರೈವಿಗೆ ಮುಂಚೆ ನೋಡುವವರು ವಿರಳ.

ನಾಲೆ ಏರಿಯ ರಸ್ತೆಯದು ಇನ್ನೊಂದು ಅಪಾಯ. 2018ರ ನವೆಂಬರ್ 24ರಂದು ಕನಗನಮರಡಿ ಬಳಿ ವಿಶ್ವೇಶ್ವರಯ್ಯ ನಾಲೆಗೆ ಬಸ್ಸು ಉರುಳಿ 30 ಮಂದಿ ಸತ್ತರು. 2023ರಲ್ಲಿ ಕಾರುಗಳೂ ಬಿದ್ದವು. ಅಲ್ಲಿ ಬೇಕಾದದ್ದು ತಡೆಗೋಡೆ. ಅದನ್ನು ಯಾವ ಶೋರೂಮೂ ಮಾರುವುದಿಲ್ಲ. ಕೊಳ್ಳುವವರ ಕೈಯಲ್ಲಿರುವುದು ಇಷ್ಟೇ: ಎತ್ತರದ ಗಾಡಿಯ ಸ್ಟೇರಿಂಗ್ ಗಕ್ಕನೆ ತಿರುಗಿಸಿದರೆ ಹೆಚ್ಚು ಓಲಾಡುತ್ತದೆ, ಆದ್ದರಿಂದ ಸನ್‌ರೂಫಿಗೆ ಕೊಡುವ ದುಡ್ಡಿನಲ್ಲಿ ಸ್ಟೆಬಿಲಿಟಿ ಕಂಟ್ರೋಲ್ ಇರುವ ಮಾಡೆಲ್ ಸಿಗುತ್ತದೆಯೇ ಎಂದು ವಿಚಾರಿಸುವುದು.

ಐದನೆಯ ಲೋಪ, ಮಿತಿಮೀರಿದ ಹೊರೆ, ಈಗ ಎತ್ತಿನ ಬೆನ್ನಿನಿಂದ ಟೈರಿಗೆ ಬಂದಿದೆ. ಸಾಮಾನ್ಯವಾಗಿ ಡ್ರೈವರ್ ಬಾಗಿಲ ಪಕ್ಕದ ಕಂಬದ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ. ಗಾಡಿ ತುಂಬಿದಾಗ ಟೈರಿಗೆ ಎಷ್ಟು ಗಾಳಿ ಇರಬೇಕೆಂದು ಅದರಲ್ಲಿದೆ. ಡೆಲಿವರಿಯ ದಿನ ಹಾರ, ನಿಂಬೆಹಣ್ಣು, ಫೋಟೊಗಳ ಸಡಗರದಲ್ಲಿ ಅದನ್ನು ಯಾರೂ ಓದುವುದಿಲ್ಲ. ಅಡ್ವಾನ್ಸ್ ಕೊಡುವ ಮುಂಚೆಯೇ ಓದಿಕೊಳ್ಳಬಹುದು, ಸೇಲ್ಸ್‌ನವರು ಬೇಡವೆನ್ನುವುದಿಲ್ಲ.