ಉತ್ತರ ಸಿಕ್ಕ ಮೇಲಿನ ಮರೆವು

'ಟ್ವಿನ್ ಪೀಕ್ಸ್' ಧಾರಾವಾಹಿಯ ಮೊದಲ ಕಂತಿನಲ್ಲಿ ತಾಯಿಯೊಬ್ಬಳು ಬೆಳಿಗ್ಗೆ ಮಹಡಿಯ ಮೆಟ್ಟಿಲ ಬಳಿ ನಿಂತು ಮಗಳನ್ನು ಕೂಗುತ್ತಾಳೆ. ಮಗಳು ಓಗೊಡುವುದಿಲ್ಲ. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಅವಳ ಹೆಣ ಆಗಲೇ ನೀರಿನ ದಡದಲ್ಲಿ ಬಿದ್ದಿದೆ. 1990ರ ಏಪ್ರಿಲ್ 8ರಂದು ಅಮೆರಿಕದ ಎಬಿಸಿ ವಾಹಿನಿಯಲ್ಲಿ ಇದನ್ನು ಸುಮಾರು 3.4 ಕೋಟಿ ಜನ ನೋಡಿದರು. ಲಾರಾ ಪಾಮರಳನ್ನು ಕೊಂದವರು ಯಾರು ಎಂಬ ಪ್ರಶ್ನೆ ದೇಶದ ಬಾಯಲ್ಲೆಲ್ಲ ಓಡಾಡಿತು. ಹದಿನಾಲ್ಕು ತಿಂಗಳಲ್ಲಿ ಧಾರಾವಾಹಿಯೇ ನಿಂತುಹೋಯಿತು.

ಇದಕ್ಕೆ ಎಲ್ಲರೂ ಒಪ್ಪಿಕೊಂಡ ಒಂದು ಕಾರಣವಿದೆ. ಸೃಷ್ಟಿಕರ್ತರಲ್ಲೊಬ್ಬರಾದ ಡೇವಿಡ್ ಲಿಂಚ್‌ಗೆ ಕೊಲೆಗಾರನನ್ನು ತೋರಿಸುವ ಇರಾದೆಯೇ ಇರಲಿಲ್ಲ. ವಾಹಿನಿ ಉತ್ತರಕ್ಕಾಗಿ ಪಟ್ಟು ಹಿಡಿಯಿತು. ಉತ್ತರ ಕೊಟ್ಟ ದಿನವೇ ಕುತೂಹಲ ಸತ್ತಿತು. ಲಿಂಚ್ ಕೊನೆಯವರೆಗೂ ಹೀಗೇ ಹೇಳುತ್ತಿದ್ದರು. ವಾಹಿನಿಯ ತಪ್ಪು ಸಣ್ಣದಲ್ಲ. ಎರಡನೆಯ ಸರಣಿಯನ್ನು ಶನಿವಾರ ರಾತ್ರಿಗೆ ತಳ್ಳಿತು. ಧಾರಾವಾಹಿಯನ್ನು ಮೆಚ್ಚಿದ್ದ ಯುವಜನ ಮನೆಯಲ್ಲಿರದ ಹೊತ್ತು ಅದು. 1991ರ ಫೆಬ್ರುವರಿಯಲ್ಲಿ ಪ್ರಸಾರವನ್ನೇ ಕೆಲಕಾಲ ನಿಲ್ಲಿಸಿತು. ಆದರೂ ಈ ವಿವರಣೆಯನ್ನು ಪೂರ್ತಿ ಒಪ್ಪಲು ನನ್ನಿಂದಾಗದು. ಒತ್ತಾಯಕ್ಕೆ ಮಣಿದು ಕೊಟ್ಟ ಆ ಉತ್ತರವೇ ಇಡೀ ಧಾರಾವಾಹಿಯ ಅತ್ಯಂತ ಸತ್ಯವಾದ ಗಳಿಗೆ.

ಆ ಕಂತು ಪ್ರಸಾರವಾದದ್ದು 1990ರ ನವೆಂಬರ್ 10ರಂದು, ಲಿಂಚ್ ಅವರದೇ ನಿರ್ದೇಶನದಲ್ಲಿ. ಹಾಡು ಮುಗಿದ ಗ್ರಾಮಫೋನ್ ತಟ್ಟೆ ಸುಮ್ಮನೆ ಸುತ್ತುತ್ತಿದೆ. ಲಾರಾಳ ತಂದೆ ಲೀಲಂಡ್ ಕನ್ನಡಿಯ ಮುಂದೆ ಟೈ ಸರಿಮಾಡಿಕೊಳ್ಳುತ್ತಿದ್ದಾನೆ. ಕನ್ನಡಿಯೊಳಗಿಂದ ಬಾಬ್ ಎಂಬ ದುಷ್ಟಶಕ್ತಿ ಹಲ್ಲು ಕಿರಿಯುತ್ತದೆ. ಲಾರಾಳ ಪಡಿಯಚ್ಚಿನಂತಿರುವ ಸೋದರಸಂಬಂಧಿ ಮ್ಯಾಡಿ ಆ ನಡುಮನೆಯಲ್ಲೇ ಸಾಯುತ್ತಾಳೆ. ಅದೇ ಹೊತ್ತಿಗೆ ಊರಿನ ಪಾನಗೃಹದಲ್ಲಿ ಕೂತ ಲಾರಾಳ ಗೆಳತಿ ಡೊನ್ನಾ, ಏನು ನಡೆಯಿತೆಂದು ತಿಳಿಯದೆಯೇ ಅಳತೊಡಗುತ್ತಾಳೆ. ಆ ಅಳುವನ್ನು ಎಷ್ಟು ಸಲ ನೋಡಿದರೂ ನನ್ನ ಗಂಟಲು ಕಟ್ಟುತ್ತದೆ. ಮನೆಯೊಳಗೇ ಮಗಳನ್ನು ತಂದೆ ಹಿಂಸಿಸಿ ಕೊಂದದ್ದು ಊರಿಗೆ ಎಲ್ಲೋ ಒಳಗೆ ಗೊತ್ತಿತ್ತು ಎಂಬುದನ್ನು ಆ ದೃಶ್ಯ ಒಂದೂ ಮಾತಿಲ್ಲದೆ ಹೇಳಿಬಿಡುತ್ತದೆ.

ಹಳಿ ತಪ್ಪಿದ್ದು ಇದಾದ ಮೇಲೆ. ಎರಡು ಕಂತು ಕಳೆಯುವಷ್ಟರಲ್ಲಿ ಲೀಲಂಡ್ ಸೆರೆಮನೆಯಲ್ಲಿ ಸಾಯುತ್ತಾನೆ. ಪಾಪದ ಹೊರೆಯೆಲ್ಲ ಬಾಬ್‌ನ ತಲೆಗೆ ಹೋಗುತ್ತದೆ. ಮರುಕಂತಿನಲ್ಲಿ ಲೀಲಂಡನ ಶವಸಂಸ್ಕಾರಕ್ಕೆ ಬಂದವರ ನಡುವೆ ಇಬ್ಬರು ಮುದುಕ ಸೋದರರ ಜಗಳದ ಹಾಸ್ಯವಿದೆ. ಆಮೇಲೆ ನಡೀನ್ ಎಂಬ ಊರಿನ ಹೆಂಗಸು ತಾನಿನ್ನೂ ಶಾಲೆಯ ಹುಡುಗಿಯೆಂಬ ಭ್ರಮೆಯಲ್ಲಿ ಕುಸ್ತಿಗಿಳಿಯುತ್ತಾಳೆ. ಹೋಟೆಲ್ ಮಾಲೀಕ ಬೆನ್ ಹಾರ್ನ್ ತಾನು ಅಮೆರಿಕದ ಅಂತರ್ಯುದ್ಧದ ಸೇನಾಪತಿ ಎಂದುಕೊಳ್ಳುತ್ತಾನೆ. ಒಂದೇ ಮನೆಯ ಮೂವರನ್ನು ಕಳೆದುಕೊಂಡ ಸಾರಾ ಎಂಬ ಆ ತಾಯಿಯನ್ನು ಕತೆ ಹೆಚ್ಚುಕಡಿಮೆ ಕೈಬಿಡುತ್ತದೆ. ಇದನ್ನು ಎಬಿಸಿ ಬರೆಸಲಿಲ್ಲ. ಲಿಂಚ್ ಕೂಡ ಆ ನವೆಂಬರ್ ಕಂತಿನ ನಂತರ ನಿರ್ದೇಶನಕ್ಕೆ ಮರಳಿದ್ದು ಕೊನೆಯ ಕಂತಿಗೇ.

ವಾಹಿನಿಗೆ ಬೇಕಾಗಿದ್ದದ್ದು ಒಂದು ಹೆಸರು. ವೀಕ್ಷಕರಿಗೆ ಉತ್ತರದ ಋಣವಿದೆ ಎಂದು ಲಿಂಚ್‌ರ ಜೊತೆಗಾರ ಮಾರ್ಕ್ ಫ್ರಾಸ್ಟ್ ನಂಬಿದ್ದರು. ಆ ನಂಬಿಕೆಯಲ್ಲಿ ತಪ್ಪಿಲ್ಲ. ಆದರೆ ಋಣವಿದ್ದದ್ದು ವೀಕ್ಷಕರಿಗೆ ಮಾತ್ರವೇ? ಮಾಮೂಲಿ ಪತ್ತೇದಾರಿ ಕತೆಯಲ್ಲಿ ಹೆಣ ಒಂದು ನೆಪ. ಒಗಟು ಬಿಡಿಸಿದರೆ ಸಾಕು. 'ಟ್ವಿನ್ ಪೀಕ್ಸ್' ಮೊದಲ ದಿನದಿಂದಲೇ ಸತ್ತವಳಿಗಾಗಿ ಇಡೀ ಊರನ್ನು ಅಳಿಸಿತ್ತು. ಅಷ್ಟು ಅಳಿಸಿದ ಮೇಲೆ ಹೆಸರು ಹೇಳಿ ಎದ್ದುಹೋಗುವ ಹಕ್ಕು ಕತೆಗಾರನಿಗೆ ಉಳಿಯುವುದಿಲ್ಲ. ಉತ್ತರವನ್ನು ಮುಂದೂಡುತ್ತಲೇ ಇದ್ದಿದ್ದರೆ ಕುತೂಹಲ ಉಳಿಯುತ್ತಿತ್ತೇನೋ. ಆದರೆ ಲಾರಾ ಪೋಸ್ಟರಿನ ನಗುಮುಖವಾಗಿಯೇ ಉಳಿದುಬಿಡುತ್ತಿದ್ದಳು.

ಲಿಂಚ್‌ರನ್ನೂ ಇದು ಕಾಡಿರಬೇಕು ಎಂದು ನನಗನಿಸುತ್ತದೆ. 1992ರಲ್ಲಿ ಅವರು ಮಾಡಿದ ಚಲನಚಿತ್ರ ಯಾವ ರಹಸ್ಯವನ್ನೂ ಮುಂದುವರಿಸದೆ ಲಾರಾಳ ಕೊನೆಯ ಏಳು ದಿನಗಳಿಗೆ ಹಿಂದಿರುಗಿತು. ಈಗ ಅವಳು ಉಸಿರಾಡುವ, ಹೆದರುವ, ಒದ್ದಾಡುವ ಹುಡುಗಿ. 2017ರಲ್ಲಿ ಹದಿನೆಂಟು ಕಂತುಗಳನ್ನೂ ತಾವೇ ನಿರ್ದೇಶಿಸಿ ಮರಳಿದಾಗ, ಅದೇ ಮನೆಯಲ್ಲಿ ಮುದುಕಿಯಾದ ಸಾರಾ ಒಬ್ಬಳೇ ಟಿವಿಯ ಮುಂದೆ ಕುಡಿಯುತ್ತ ಕೂತಿದ್ದಳು. ಕೊನೆಯ ದೃಶ್ಯದಲ್ಲಿ ಆ ಮನೆಯ ಮುಂದಿನ ಕತ್ತಲ ರಸ್ತೆಯಲ್ಲಿ ಲಾರಾಳ ಮುಖದ ಹೆಂಗಸೊಬ್ಬಳು ನಿಂತಿರುತ್ತಾಳೆ. ದೂರದಿಂದ, ಮೊದಲ ಕಂತಿನ ಆ ಬೆಳಗಿನಂತೆಯೇ, ತಾಯಿ ಮಗಳನ್ನು ಕೂಗುವುದು ಕೇಳಿಸುತ್ತದೆ. ಈ ಸಲ ಆ ಹೆಂಗಸು ಕಿರುಚುತ್ತಾಳೆ. ಮನೆಯ ದೀಪಗಳೆಲ್ಲ ಒಮ್ಮೆಲೇ ಆರುತ್ತವೆ.