ಸಾಲ ಹೊತ್ತ ಮಕ್ಕಳಿಗೆ ಪೌರತ್ವದ ಪಾಠ

ಇಂಗ್ಲೆಂಡಿನಲ್ಲಿ ‘ಕೌಂಟಿ ಲೈನ್ಸ್’ ಎಂಬ ದಂಧೆಯಿದೆ. ಲಂಡನ್, ಲಿವರ್‌ಪೂಲ್‌ನಂಥ ಮಹಾನಗರಗಳ ಗ್ಯಾಂಗುಗಳು ಹೆರಾಯಿನ್, ಕ್ರ್ಯಾಕ್ ಕೊಕೇನ್‌ಗಳನ್ನು ಹಳ್ಳಿಗಾಡಿನ ಸಣ್ಣ ಊರುಗಳಿಗೆ, ನಾರ್ಫೋಕ್‌ನಂಥ ಕಡೆಯ ಕಡಲತೀರದ ಪಟ್ಟಣಗಳಿಗೆ ಸಾಗಿಸುತ್ತವೆ. ಗಿರಾಕಿಗಳ ಆರ್ಡರಿಗೆಂದೇ ಒಂದು ಮೊಬೈಲ್ ನಂಬರು. ಆ ‘ಲೈನ್’ ನಗರದಲ್ಲಿ ಕೂತವನ ಕೈಯಲ್ಲಿ. ಸರಕು ಹೊತ್ತು ರೈಲು ಹತ್ತುವವರು ಎಷ್ಟೋ ಸಲ ಹದಿನಾಲ್ಕು, ಹದಿನೈದರ ಮಕ್ಕಳು.

ಮಕ್ಕಳನ್ನು ಕಟ್ಟಿಹಾಕುವ ಬಗೆ ಎದೆ ನಡುಗಿಸುವಂಥದ್ದು. ಮೊದಲು ಹೊಸ ಷೂ, ಹೊಸ ಫೋನು, ‘ನೀನು ನಮ್ಮವನು’ ಎಂಬ ಸಲಿಗೆ. ಆಮೇಲೊಂದು ದಿನ ಹುಡುಗ ಒಯ್ಯುತ್ತಿದ್ದ ಸರಕನ್ನು ದಾರಿಯಲ್ಲಿ ಯಾರೋ ಕಿತ್ತುಕೊಳ್ಳುತ್ತಾರೆ. ಹಾಗೆ ಕಿತ್ತುಕೊಳ್ಳಲು ಗ್ಯಾಂಗೇ ಆಳು ಕಳಿಸಿರುವುದುಂಟು. ನಷ್ಟ ಹುಡುಗನ ತಲೆಗೆ. ಅಲ್ಲಿಂದಾಚೆ ಅವನು ದುಡಿಯುವುದು ತೀರದ ಸಾಲಕ್ಕೆ. ಜೀತದ ಕಥೆ ಕೇಳಿ ಬೆಳೆದ ನಮಗೆ ಈ ಲೆಕ್ಕ ಹೊಸದೇನಲ್ಲ. ಅವನ ಬಾಯಿ ಮುಚ್ಚಿಸಲು ಒಂದು ಮಾತು ಸಾಕು: ‘ಪೊಲೀಸರ ಹತ್ತಿರ ಹೋದರೆ ಜೈಲಿಗೆ ಹೋಗುವವನು ನೀನೇ.’ ಹತ್ತು ವರ್ಷ ತುಂಬಿದವರ ಮೇಲೂ ಮೊಕದ್ದಮೆ ಹೂಡಬಹುದಾದ ದೇಶ ಅದು. ಹುಡುಗ ನಂಬದೆ ಏನು ಮಾಡಿಯಾನು?

ಅದೇ ದೇಶದ ಕಾನೂನು ಇನ್ನೊಂದನ್ನೂ ಹೇಳುತ್ತದೆ. 2015ರ ಆಧುನಿಕ ಗುಲಾಮಗಿರಿ ಕಾಯ್ದೆಯ 45ನೇ ಕಲಮಿನ ಪ್ರಕಾರ, ಶೋಷಣೆಗೆ ಸಿಕ್ಕ ಮಗು ಅದರ ನೇರ ಪರಿಣಾಮವಾಗಿ ಅಪರಾಧ ಎಸಗಿದ್ದರೆ, ಕೊಲೆಯಂಥ ಘೋರ ಅಪರಾಧಗಳನ್ನು ಬಿಟ್ಟು, ಅದನ್ನೇ ತನ್ನ ರಕ್ಷಣೆಗೆ ನ್ಯಾಯಾಲಯದ ಮುಂದಿಡಬಹುದು. ಸಾಲದ ಮೊತ್ತ ಬಾಯಿಪಾಠವಾಗಿರುವ ಹುಡುಗನಿಗೆ ಈ ಕಲಮು ಗೊತ್ತೇ ಇಲ್ಲದಿದ್ದರೆ ಅದು ಇದ್ದೂ ಇಲ್ಲದಂತೆ.

ಪೌರತ್ವ ಶಿಕ್ಷಣಕ್ಕೆ ನಿಜವಾದ ಕೆಲಸವಿರುವುದು ಇಲ್ಲಿ. ಬರ್ನಾರ್ಡ್ ಕ್ರಿಕ್ ಸಮಿತಿ 1998ರಲ್ಲಿ ಕೊಟ್ಟ ವರದಿಯ ಫಲವಾಗಿ, 2002ರಿಂದ ಅದು ಅಲ್ಲಿನ ಪ್ರೌಢಶಾಲೆಗಳ ರಾಷ್ಟ್ರೀಯ ಪಠ್ಯಕ್ರಮದಲ್ಲಿದೆ. ಮಾದಕ ವಸ್ತು ಕೆಟ್ಟದ್ದು, ಕಾನೂನು ಪಾಲಿಸಿ ಎಂದಷ್ಟೇ ಹೇಳಿದರೆ ಆಗಲೇ ಸಿಕ್ಕಿಬಿದ್ದ ಮಗು ಇನ್ನಷ್ಟು ತಲೆ ತಗ್ಗಿಸೀತು. ಹಾಗೆ ಹೊರಿಸಿದ ಸಾಲ ಸಾಲವೇ ಅಲ್ಲ, ಠಾಣೆಯಲ್ಲಿ ವಿಚಾರಣೆಯ ವೇಳೆ ಹಿರಿಯರೊಬ್ಬರು ಪಕ್ಕದಲ್ಲಿರಬೇಕು, ವಕೀಲರನ್ನು ಕೇಳುವುದು ನಿನ್ನ ಹಕ್ಕು ಎಂಬುದು ಆ ತರಗತಿಯಲ್ಲಿ ಅದರ ಕಿವಿಗೆ ಬೀಳಬೇಕು. ಸಂಜೆಯಾದರೆ ಬಸ್ಸಿಲ್ಲದ, ಯುವಕರ ಕ್ಲಬ್ಬಿಗೆ ಬೀಗ ಬಿದ್ದ ಊರಿನಲ್ಲಿ ಮಕ್ಕಳು ಕೌನ್ಸಿಲ್ ಸಭೆಗೇ ಹೋಗಿ ಬಸ್ಸು ಕೇಳುವುದೂ ಆ ಪಾಠದ ಭಾಗ. ತಮ್ಮ ಮಾತಿಗೆ ಬೆಲೆಯಿದೆ ಎಂದು ಒಮ್ಮೆ ಕಂಡುಕೊಂಡವರನ್ನು ಬರೀ ಷೂ, ಸಲಿಗೆ ತೋರಿಸಿ ಸೆಳೆಯುವುದು ಅಷ್ಟು ಸುಲಭವಲ್ಲ.

ನನ್ನನ್ನು ಕಾಡುವುದು ಮಾತ್ರ ಶಾಲೆಯ ಗೇಟು. ಪದೇ ಪದೇ ತಪ್ಪಿಸಿಕೊಳ್ಳುವ, ಸಿಡುಕುವ, ಬ್ಯಾಗಿನಲ್ಲಿ ಚಾಕು ಸಿಕ್ಕ ಹುಡುಗನನ್ನು ಶಾಲೆ ಹೊರಹಾಕುತ್ತದೆ. ಉಳಿದ ಮಕ್ಕಳ ಸುರಕ್ಷತೆ ಸಣ್ಣ ವಿಷಯವಲ್ಲ, ಒಪ್ಪುತ್ತೇನೆ. ಆದರೆ ಹಾಗೆ ಹೊರಬಿದ್ದ ಮಕ್ಕಳ ಮೇಲೇ ಗ್ಯಾಂಗುಗಳ ಕಣ್ಣು. ಪಾಠ ಯಾರಿಗೆ ತುರ್ತಾಗಿ ಬೇಕಿತ್ತೋ ಅವನೇ ತರಗತಿಯಲ್ಲಿಲ್ಲ. ಹೊರಹಾಕುವ ಕಾಗದಕ್ಕೆ ಸಹಿ ಮಾಡುವ ಮುನ್ನ ಮುಖ್ಯೋಪಾಧ್ಯಾಯರು ಅವನನ್ನು ಎದುರು ಕೂರಿಸಿಕೊಂಡು, ಯಾರಿಗೆ ಎಷ್ಟು ಕೊಡಬೇಕಾಗಿದೆ ಎಂದು ಕೇಳಬೇಕು. ಉತ್ತರ ಬಂದರೆ ಮೊದಲ ಫೋನು ಮಕ್ಕಳ ರಕ್ಷಣಾ ವಿಭಾಗಕ್ಕೆ ಹೋಗಬೇಕು.