ಇಂದಿನ ಧಮ್ಮ ಚಿಂತನೆ: ಕಣ್ಣಿನ ಡ್ರಾಪ್ಸೂ ಕರ್ಮವೂ



ಹೋದ ಭಾನುವಾರ ವಂದನೆ ಮುಗಿದ ಮೇಲೆ ತ್ಯಾಮಗೊಂಡ್ಲಿನ ಹಿರಿಯ ಉಪಾಸಕರೊಬ್ಬರು ಕೇಳಿದರು: "ಗ್ಲಾಕೋಮಾ ಅಂತ ಡ್ರಾಪ್ಸ್ ಕೊಟ್ಟವ್ರೆ. ಆರು ತಿಂಗಳಾದ್ರೂ ಒಂಚೂರೂ ಸುಧಾರಿಸಿಲ್ಲ. ಪೂರ್ವಕರ್ಮ ಅಂತ ಬಿಟ್ಬಿಡ್ಲಾ? ಆಯಸ್ಸೂ ಕಮ್ಮಿ ಆಯ್ತದಾ?"

ಬಿಡಬೇಡಿ. ಸುಖದುಃಖವೆಲ್ಲ ಹಿಂದಿನ ಕರ್ಮದ್ದೇ ಎನ್ನುವವರ ಬಗ್ಗೆ ಸೀವಕನೆಂಬ ಪರಿವ್ರಾಜಕ ಭಗವಾನರನ್ನು ಕೇಳಿದ್ದು ಸಂಯುತ್ತ ನಿಕಾಯದಲ್ಲಿದೆ. ಭಗವಾನರು ಆ ಮಾತನ್ನು ಒಪ್ಪಲಿಲ್ಲ. ಪಿತ್ತ, ಕಫ, ವಾತ, ಈ ಮೂರೂ ಕೂಡಿ ಕೆರಳುವುದು, ಋತುವಿನ ಬದಲಾವಣೆ, ದೇಹವನ್ನು ಸರಿಯಾಗಿ ನೋಡಿಕೊಳ್ಳದಿರುವುದು, ಹೊರಗಿನ ಪೆಟ್ಟು ಎಂದು ಏಳು ಕಾರಣ ಎಣಿಸಿ, ಕರ್ಮವನ್ನು ಎಂಟನೆಯದಾಗಿ ಇಟ್ಟರು. ಏಳನ್ನೂ ದಾಟಿ ಎಂಟನೆಯದಕ್ಕೇ ಹಾರುವುದು ನಮ್ಮ ಸೋಮಾರಿತನ.

ಗ್ಲಾಕೋಮಾವೂ ಒಂದೇ ಬಗೆಯದಲ್ಲ. ಒಂದು ನೋವೇ ಇಲ್ಲದೆ, ವರ್ಷಗಟ್ಟಲೆ, ಅಂಚಿನ ನೋಟವನ್ನು ಕದಿಯುತ್ತಾ ಬರುತ್ತದೆ. ಇನ್ನೊಂದು ಒಮ್ಮೆಲೇ ಎರಗುತ್ತದೆ: ಕಣ್ಣು ಕೆಂಪಗಾಗಿ, ತಲೆ ಸಿಡಿದು, ವಾಂತಿ. ಪಿತ್ತ ಅಂತ ಕಷಾಯ ಕುಡಿದು ಮಲಗಿದರೆ ಕಣ್ಣೇ ಹೋದೀತು. ಆಗಲೇ ಆಸ್ಪತ್ರೆಗೆ ಹೊರಡಬೇಕು. ಸಕ್ಕರೆ ಕಾಯಿಲೆ ಬಹುಕಾಲ ಹತೋಟಿ ತಪ್ಪಿದವರ ಕಣ್ಣಲ್ಲಿ ಬೇಡದ ರಕ್ತನಾಳ ಬೆಳೆದು ಬರುವುದು ಮತ್ತೊಂದು. ಆಯಸ್ಸಿನ ಪ್ರಶ್ನೆ ನಿಜವಾಗಿ ಏಳುವುದು ಇಲ್ಲಿ. ಕಣ್ಣಿನ ನಾಳ ಕೆಟ್ಟವರ ಹೃದಯ, ಮೂತ್ರಪಿಂಡಗಳ ನಾಳವೂ ಕೆಟ್ಟಿರಬಹುದು, ಅವನ್ನೂ ತೋರಿಸಬೇಕು. ಕಣ್ಣು ಕೆಂಪಾಯಿತೆಂದು ಡಾಕ್ಟರನ್ನು ಕೇಳದೆ ಮೆಡಿಕಲ್ ಸ್ಟೋರಿನಿಂದ ತಂದು ತಿಂಗಳುಗಟ್ಟಲೆ ಹಾಕಿದ ಸ್ಟೀರಾಯ್ಡ್ ಡ್ರಾಪ್ಸ್‌ನಿಂದ ಬರುವುದಂತೂ ಭಗವಾನರು ಹೇಳಿದ ಆರನೆಯ ಕಾರಣವೇ.

ಗ್ಲಾಕೋಮಾ ತಾನಾಗಿ ಪ್ರಾಣ ತೆಗೆಯುವ ಕಾಯಿಲೆಯಲ್ಲ. ಆದರೆ ಅಂಚಿನ ನೋಟ ಹೋದ ಹಿರಿಯರು ಮುಸ್ಸಂಜೆಯಲ್ಲಿ ಹೊಲದ ಬದುವಿನ ಮೇಲೆ, ಮನೆಯ ಹೊಸಲಿನಲ್ಲಿ ಎಡವುತ್ತಾರೆ. ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದರೆ ಆಯಸ್ಸು ಕುಗ್ಗುತ್ತದೆ.

ಇನ್ನು, ಸುಧಾರಿಸಲಿಲ್ಲ ಎಂಬ ದೂರು. ಡಾ. ಎಂ.ಸಿ. ಮೋದಿಯವರು ಊರೂರಲ್ಲಿ ಶಿಬಿರ ನಡೆಸಿ ಪೊರೆ ತೆಗೆದ ಕಾಲದಿಂದ, ಕಣ್ಣಿನ ಚಿಕಿತ್ಸೆ ಅಂದರೆ ಹೋದ ದೃಷ್ಟಿ ಮರಳುವುದು ಎಂದೇ ನಮ್ಮ ಜನ ತಿಳಿದಿದ್ದಾರೆ. ಪೊರೆಗೆ ಅದು ಸರಿ. ಗ್ಲಾಕೋಮಾದಲ್ಲಿ ಸತ್ತ ನರ ಮತ್ತೆ ಚಿಗುರುವುದಿಲ್ಲ. ಡ್ರಾಪ್ಸ್ ಕಾಯುವುದು ಉಳಿದ ದೃಷ್ಟಿಯನ್ನು. ಆರು ತಿಂಗಳಲ್ಲಿ ಏನೂ ಬದಲಾಗಿಲ್ಲ ಅಂದರೆ ಔಷಧಿ ಕೆಲಸ ಮಾಡುತ್ತಿದೆ ಅಂತಲೇ ಆಗಿರಬಹುದು. ತಪಾಸಣೆಗೆ ಹೋಗಿ ಕೇಳಿ. ಇದು ವಂಶದಲ್ಲಿ ಹರಿಯುವುದರಿಂದ ಒಡಹುಟ್ಟಿದವರನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗಿ. ಉಬ್ಬಸವಿದ್ದರೆ ಮೊದಲೇ ಹೇಳಿ, ಕೆಲವು ಡ್ರಾಪ್ಸ್ ಅದನ್ನು ಕೆರಳಿಸುತ್ತವೆ.

ಡ್ರಾಪ್ಸ್ ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿಯಿರಿ. ಔಷಧಿ ಗಂಟಲಿಗೆ ಇಳಿಯದೆ ಕಣ್ಣಲ್ಲೇ ನಿಲ್ಲುತ್ತದೆ. ಆ ಎರಡು ನಿಮಿಷ ಆನಾಪಾನಕ್ಕೆ ಸಾಕು.